ಹನ್ನೆರಡು ಕಂಪ್ಯೂಟರ್, ಒಂದೇ ಸಿಮ್: ರೂಟರಿನಲ್ಲಿ ಸ್ಕ್ವಿಡ್ ಕೂರಿಸಿದ ನನ್ನ ಅನುಭವ

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಹೋಗುವ ದಾರಿಯಲ್ಲಿ ನಮ್ಮ ಊರು. ಮನೆ ಪಕ್ಕದ ಹಳೆ ಕಾಫಿ ಗೋದಾಮಿನಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಹನ್ನೆರಡು ಹಳೆ ಡೆಸ್ಕ್‌ಟಾಪ್‌ಗಳಿವೆ. ಎಲ್ಲದರಲ್ಲೂ ವಿಂಡೋಸ್ ಬದಲು ಉಬುಂಟು ಅನ್ನುವ ಉಚಿತ ತಂತ್ರಾಂಶ. ಬರುವವರಲ್ಲಿ ಜಾಸ್ತಿ ಜನ ಎಸ್ಟೇಟ್ ಲೈನ್ ಮನೆಗಳ ಮಕ್ಕಳು. ಇಂಟರ್ನೆಟ್ ಅಂದರೆ ಅಟ್ಟದ ಕಿಟಕಿಗೆ ಕಟ್ಟಿದ ಒಂದು 4ಜಿ ಡಬ್ಬಿ, ಅದರೊಳಗೆ ದಿನಕ್ಕೆ 2 ಜಿಬಿ ಕೊಡುವ ಒಂದು ಸಿಮ್. ಅಷ್ಟೇ.

ಒಂದು ಸಂಜೆ ಎಲ್ಲ ಕಂಪ್ಯೂಟರಿಗೂ ಒಟ್ಟಿಗೆ ಅಪ್‌ಡೇಟ್ ಹಾಕಲು ಹೇಳಿದೆ. ಒಂದೊಂದಕ್ಕೂ ಸುಮಾರು 350 ಎಂಬಿ. ಅರ್ಧ ಗಂಟೆ ಆದ ಮೇಲೆ ಏಳನೇ ತರಗತಿಯ ಹುಡುಗಿ ಕರೆದಳು: "ಅಕ್ಕಾ, ಇದು ಆಗಿಂದ 41 ಪರ್ಸೆಂಟಲ್ಲೇ ನಿಂತಿದೆ." ಎಲ್ಲರದೂ ಹಾಗೇ ನಿಂತಿತ್ತು. 350ನ್ನು ಹನ್ನೆರಡರಿಂದ ಗುಣಿಸಿದರೆ 4 ಜಿಬಿಗೂ ಮೇಲೆ. ದಿನದ 2 ಜಿಬಿ ಮುಗಿದು, ಸಿಮ್ ಆಮೆ ವೇಗಕ್ಕೆ ಇಳಿದಿತ್ತು. ಒಂದೇ ಫೈಲನ್ನು ಹನ್ನೆರಡು ಸಲ ತರಿಸಲು ಹೋಗಿ ಯಾರಿಗೂ ಪೂರ್ತಿ ಸಿಗಲಿಲ್ಲ. ಅವತ್ತಿನ ಪಾಠವೂ ನಿಂತಿತು.

ಇದಕ್ಕೆ ಹಳೆಯ ಮದ್ದು ಒಂದಿದೆ, ಕ್ಯಾಶ್ ಮಾಡುವ, ಅಂದರೆ ತಂದದ್ದನ್ನು ಕೂಡಿಡುವ ಪ್ರಾಕ್ಸಿ. ಮೊದಲ ಕಂಪ್ಯೂಟರ್ ಕೇಳಿದ ಫೈಲನ್ನು ಪ್ರಾಕ್ಸಿ ಹೊರಗಿನಿಂದ ತಂದು ಕೊಡುತ್ತದೆ, ಒಂದು ಪ್ರತಿಯನ್ನು ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ. ಎರಡನೆಯದು ಅದೇ ವಿಳಾಸ ಕೇಳಿದರೆ ಹೊರಗೆ ಹೋಗದೆ ಒಳಗಿಂದಲೇ ಕೊಡುತ್ತದೆ. ನಾನು ಆರಿಸಿಕೊಂಡದ್ದು ಸ್ಕ್ವಿಡ್. 1996ರಿಂದ ಇರುವ, ಯಾರು ಬೇಕಾದರೂ ಉಚಿತವಾಗಿ ಹಾಕಿಕೊಳ್ಳಬಹುದಾದ ತಂತ್ರಾಂಶ. ಅದಕ್ಕಾಗಿ ಬೇರೆ ಕಂಪ್ಯೂಟರ್ ಹಗಲೂ ರಾತ್ರಿ ಓಡಿಸುವುದು ನನಗೆ ಬೇಡವಾಗಿತ್ತು. ನಮ್ಮಲ್ಲಿ ಆರಿದ್ರೆ ಮಳೆ ಹಿಡಿಯಿತು ಅಂದರೆ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಲಾಗದು. ರೂಟರ್ ಆದರೆ 12 ವೋಲ್ಟಿನ ಸಣ್ಣ ಯುಪಿಎಸ್ ಮೇಲೆ ಕೆಲವು ಗಂಟೆ ಓಡುತ್ತದೆ. ಹಾಗಾಗಿ ರೂಟರಿನಲ್ಲೇ ಕೂರಿಸಲು ತೀರ್ಮಾನಿಸಿದೆ.

ಮನೆಯಲ್ಲಿದ್ದ ಹಳೆ ರೂಟರಿನಲ್ಲಿ 64 ಎಂಬಿ ರ‍್ಯಾಮ್ ಇತ್ತು. ಅದರಲ್ಲಿ ಈ ಕೆಲಸ ಆಗದು. ಚಿಕ್ಕಮಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಒಂದು ತಂದೆ. 256 ಎಂಬಿ ರ‍್ಯಾಮ್, ಒಂದು ಯುಎಸ್‌ಬಿ ಪೋರ್ಟ್. ರೂಟರಿನ ಸ್ವಂತ ತಂತ್ರಾಂಶದ ಬದಲು ಹಾಕಿಕೊಳ್ಳುವ ಉಚಿತ ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿ. ಕೊಳ್ಳುವ ಮುಂಚೆ ಅದರ ತಾಣದ ಪಟ್ಟಿಯಲ್ಲಿ ಆ ಮಾಡೆಲ್ ಇದೆಯಾ ಅಂತ ನೋಡಿಕೊಂಡೆ. ಡಬ್ಬಿ ಮೇಲಿನ ಹೆಸರು ಒಂದೇ ಇದ್ದರೂ ಹಿಂದಿನ ಚೀಟಿಯಲ್ಲಿ ವರ್ಷನ್ ನಂಬರ್ ಬೇರೆ ಇರುತ್ತದೆ, ಒಳಗಿನ ಚಿಪ್ಪೂ ಬೇರೆ ಇರಬಹುದು. ಆ ನಂಬರ್ ನೋಡದೆ ದುಡ್ಡು ಕೊಡಬೇಡಿ.

ಕ್ಯಾಶ್ ಇಡಲು ಮೊದಲು 32 ಜಿಬಿಯ ಪೆನ್‌ಡ್ರೈವ್ ಚುಚ್ಚಿದೆ. ನಾಲ್ಕು ತಿಂಗಳು ಬಾಳಿತು. ಆಮೇಲೆ ಓದಲು ಮಾತ್ರ ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಸ್ಕ್ವಿಡ್ ಬರೆಯುತ್ತಲೇ, ಅಳಿಸುತ್ತಲೇ ಇರುತ್ತದೆ. ಪೆನ್‌ಡ್ರೈವ್ ಅದಕ್ಕೆ ಆದದ್ದಲ್ಲ. ಹಳೆ ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕವಚಕ್ಕೆ ಹಾಕಿ ಜೋಡಿಸಿದೆ. ಎರಡು ವರ್ಷ ಆಗುತ್ತಾ ಬಂತು, ತೊಂದರೆ ಇಲ್ಲ.

ಸ್ಕ್ವಿಡ್ ಹಾಕುವುದು ಸುಲಭ. ಪ್ಯಾಕೇಜ್ ಇಳಿಸಿಕೊಂಡು, ಡಿಸ್ಕನ್ನು ಇಎಕ್ಸ್‌ಟಿ4 ಮಾದರಿಗೆ ಫಾರ್ಮ್ಯಾಟ್ ಮಾಡಿ, ಕ್ಯಾಶ್ ಜಾಗ ತೋರಿಸಿ, ಸ್ಕ್ವಿಡ್ ಆಜ್ಞೆಗೆ ಮೈನಸ್ ಜೆಡ್ ಹಾಕಿ ಒಮ್ಮೆ ಓಡಿಸಿದರೆ ಫೋಲ್ಡರ್‌ಗಳು ತಯಾರಾಗುತ್ತವೆ. ಕೋರಿಕೆಗಳು ಬರುವ ಬಾಗಿಲಾದ 3128ನೇ ಪೋರ್ಟ್ ಒಳಗಿನ ವಿಳಾಸದಲ್ಲಿ ಮಾತ್ರ ಕೇಳಿಸಿಕೊಳ್ಳುವ ಹಾಗೆ ಮಾಡಿದೆ. ನಮ್ಮ ಒಳಗಿನ ಜಾಲ ಬಿಟ್ಟು ಬೇರೆ ಯಾರಿಗೂ ಬಿಡಬಾರದು ಅಂತ ಸಾಲು ಬರೆದೆ. ಇದನ್ನು ಮರೆತರೆ ಹೊರಗಿನವರು ನಿಮ್ಮ ಪ್ರಾಕ್ಸಿ ಮೂಲಕ ಓಡಾಡುವ ಅಪಾಯ ಇದೆ.

ಕಷ್ಟ ಶುರುವಾದದ್ದು ಮೆಮೊರಿಯಲ್ಲಿ. ಎರಡನೇ ದಿನವೇ ರೂಟರ್ ತನ್ನಷ್ಟಕ್ಕೆ ರೀಸ್ಟಾರ್ಟ್ ಆಗತೊಡಗಿತು. ಸ್ಕ್ವಿಡ್‌ನ ‘ಕ್ಯಾಶ್ ಮೆಮ್’ ಅನ್ನುವ ಸೆಟ್ಟಿಂಗ್ ನಾವು ಮುಟ್ಟದಿದ್ದರೆ 256 ಎಂಬಿ ಇರುತ್ತದೆ. ನನ್ನ ರೂಟರಿನ ಇಡೀ ರ‍್ಯಾಮ್ ಅಷ್ಟೇ ಅಲ್ವಾ! ಅದನ್ನು 16 ಎಂಬಿಗೆ ಇಳಿಸಿದೆ. ಆದರೆ ಸ್ಕ್ವಿಡ್ ತಿನ್ನುವ ಒಟ್ಟು ಮೆಮೊರಿ ಅದಲ್ಲ. ಡಿಸ್ಕಿನಲ್ಲಿ ಏನೇನಿದೆ ಅನ್ನುವ ಪಟ್ಟಿಯನ್ನೂ ಅದು ರ‍್ಯಾಮಿನಲ್ಲೇ ಇಡುತ್ತದೆ. ಪ್ರತಿ 1 ಜಿಬಿ ಕ್ಯಾಶಿಗೆ 10ರಿಂದ 14 ಎಂಬಿ ರ‍್ಯಾಮ್ ಬೇಕು ಅನ್ನುವುದು ರೂಢಿಯ ಲೆಕ್ಕ. ಎಸ್‌ಎಸ್‌ಡಿಯಲ್ಲಿ 120 ಜಿಬಿ ಇದೆ ಅಂತ ಅಷ್ಟನ್ನೂ ಕೊಟ್ಟರೆ ರೂಟರ್ ಏಳುವುದಿಲ್ಲ. ನಾನು ಕೊಟ್ಟದ್ದು 6 ಜಿಬಿ ಮಾತ್ರ. ನಮ್ಮದು ದೊಡ್ಡ ಫೈಲುಗಳು, ಸಂಖ್ಯೆ ಕಡಿಮೆ. ಹಾಗಾಗಿ ಪಟ್ಟಿಯೂ ಚಿಕ್ಕದಾಗಿಯೇ ಉಳಿದಿದೆ.

ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಫೈಲಿನದೂ ಇದೇ ಕಥೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ‘ಟೆಂಪ್’ ಫೋಲ್ಡರ್ ಇರುವುದು ರ‍್ಯಾಮಿನಲ್ಲಿ. ಲಾಗ್ ಅಲ್ಲೇ ಬೆಳೆಯಲು ಬಿಟ್ಟರೆ ಒಂದು ದಿನ ಮೆಮೊರಿ ಪೂರ್ತಿ ತುಂಬುತ್ತದೆ. ಅದನ್ನೂ ಎಸ್‌ಎಸ್‌ಡಿಗೆ ಕಳಿಸಿ, ವಾರಕ್ಕೊಮ್ಮೆ ಹೊಸ ಫೈಲ್ ಶುರುವಾಗುವಂತೆ, ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಕ್ರಾನ್‌ನಲ್ಲಿ ಬರೆದೆ.

ರೂಟರ್ ರೀಸ್ಟಾರ್ಟ್ ಆಗುವುದು ನಿಂತಿತು. ಮಕ್ಕಳ ಎದುರು ಖುಷಿಯಿಂದ ಹೇಳಿಯೂ ಆಯಿತು, ಇನ್ನು ಮೇಲೆ ಎಲ್ಲ ಬೇಗ ಬರುತ್ತದೆ ಅಂತ. ಮೂರು ದಿನ ಬಿಟ್ಟು ಲಾಗ್ ತೆರೆದೆ. ಕ್ಯಾಶಿನಿಂದ ಕೊಟ್ಟದ್ದು ಶೇಕಡಾ ಎರಡೂ ಇಲ್ಲ.

ಈ ಲಾಗ್ ಓದುವುದನ್ನು ಕಲಿತದ್ದೇ ನನಗೆ ಸಿಕ್ಕ ದೊಡ್ಡ ಲಾಭ. ಪ್ರತಿ ಕೋರಿಕೆಗೂ ಒಂದು ಸಾಲು. ಸಾಲಿನಲ್ಲಿ ‘ಟಿಸಿಪಿ ಹಿಟ್’ ಅಂತ ಇದ್ದರೆ ಕ್ಯಾಶಿನಿಂದ ಹೋಗಿದೆ. ‘ಮಿಸ್’ ಅಂದರೆ ಹೊರಗಿನಿಂದ ತಂದಿದೆ. ‘ಟನಲ್’ ಅಂದರೆ ಎಚ್‌ಟಿಟಿಪಿಎಸ್, ಗುಟ್ಟಾಗಿ ಮುಚ್ಚಿ ಕಳಿಸುವ ಸಂಪರ್ಕ. ಅದರೊಳಗೆ ಏನಿದೆ ಅಂತ ಸ್ಕ್ವಿಡ್‌ಗೆ ಕಾಣುವುದಿಲ್ಲ. ಕಾಣದ್ದನ್ನು ಕೂಡಿಡಲೂ ಆಗುವುದಿಲ್ಲ. ನಾನು ಬ್ರೌಸರ್‌ಗಳನ್ನೂ ಪ್ರಾಕ್ಸಿಗೆ ಜೋಡಿಸಿದ್ದೆ. ಇವತ್ತು ಹೆಚ್ಚು ಕಡಿಮೆ ಎಲ್ಲ ತಾಣಗಳೂ ಎಚ್‌ಟಿಟಿಪಿಎಸ್. ಹಾಗಾಗಿ ಲಾಗ್ ತುಂಬಾ ಬರೀ ಟನಲ್. ವಿಡಿಯೋ, ವಾಟ್ಸ್ಆ್ಯಪ್, ಹುಡುಕಾಟ, ಯಾವುದೂ ಕ್ಯಾಶ್ ಆಗುವುದಿಲ್ಲ.

ಎಚ್‌ಟಿಟಿಪಿಎಸ್ ಬಿಚ್ಚಿ ನೋಡುವ ದಾರಿಯೂ ಸ್ಕ್ವಿಡ್‌ನಲ್ಲಿದೆ. ನಮ್ಮದೇ ಸರ್ಟಿಫಿಕೇಟ್ ತಯಾರಿಸಿ ಎಲ್ಲ ಕಂಪ್ಯೂಟರಿಗೂ ಹಾಕಬೇಕು. ನಾನು ಮಾಡಲಿಲ್ಲ, ಮಾಡುವುದೂ ಇಲ್ಲ. ಅದೇ ಕಂಪ್ಯೂಟರಿನಲ್ಲಿ ಮಕ್ಕಳ ಅಪ್ಪ ಅಮ್ಮ ಬಂದು ಬ್ಯಾಂಕ್ ಖಾತೆ ನೋಡುತ್ತಾರೆ, ಪಹಣಿ ತೆಗೆಯುತ್ತಾರೆ. ಬೀಗ ಹಾಕಿದ ಅವರ ಪೆಟ್ಟಿಗೆಗೆ ನಾನು ಇನ್ನೊಂದು ಕೀಲಿ ಮಾಡಿಸಿಕೊಂಡ ಹಾಗೆ ಅದು. ಅಷ್ಟೇ ಅಲ್ಲ, ಬಿಚ್ಚದಿದ್ದರೂ ಯಾವ ಕಂಪ್ಯೂಟರ್ ಎಷ್ಟು ಹೊತ್ತಿಗೆ ಯಾವ ತಾಣಕ್ಕೆ ಹೋಯಿತು ಅನ್ನುವುದು ಲಾಗಿನಲ್ಲಿ ಕಾಣುತ್ತಿತ್ತು. ಅದನ್ನು ಓದುವಾಗ ಮನಸ್ಸಿಗೆ ಸರಿ ಅನ್ನಿಸಲಿಲ್ಲ. ಅವತ್ತೇ ಬ್ರೌಸರ್‌ಗಳನ್ನೆಲ್ಲ ಪ್ರಾಕ್ಸಿಯಿಂದ ಬಿಡಿಸಿದೆ, ಆ ಮೂರು ದಿನದ ಲಾಗನ್ನೂ ಅಳಿಸಿದೆ. ಈಗ ಪ್ರಾಕ್ಸಿ ಬಳಸುವುದು ತಂತ್ರಾಂಶ ಇಳಿಸಿ ಹಾಕುವ ಉಬುಂಟುವಿನ ಆ್ಯಪ್ಟ್ ಮಾತ್ರ. ಪ್ರತಿ ಕಂಪ್ಯೂಟರಿನ ಆ್ಯಪ್ಟ್ ಸೆಟ್ಟಿಂಗಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಉಬುಂಟುವಿನ ಪ್ಯಾಕೇಜುಗಳು ಈಗಲೂ ಸಾಮಾನ್ಯವಾಗಿ ಮುಚ್ಚದ ಬರೀ ಎಚ್‌ಟಿಟಿಪಿಯಲ್ಲೇ ಬರುತ್ತವೆ. ಫೈಲ್ ಅಸಲಿಯಾ ಅಂತ ನೋಡುವುದಕ್ಕೆ ಡಿಜಿಟಲ್ ಸಹಿ ಬೇರೆ ಇದೆ. ಹಾಗಾಗಿ ಕ್ಯಾಶಿಗೆ ಇದು ಹೇಳಿ ಮಾಡಿಸಿದ ಸಾಮಗ್ರಿ.

ಇಷ್ಟಾದರೂ ದೊಡ್ಡ ಪ್ಯಾಕೇಜುಗಳು ಮಿಸ್ ಆಗುತ್ತಲೇ ಇದ್ದವು. ಲಾಗಿನಲ್ಲಿ ಸೈಜ್ ನೋಡಿದಾಗ ಗುಟ್ಟು ಗೊತ್ತಾಯಿತು. ಚಿಕ್ಕವೆಲ್ಲ ಹಿಟ್, 4 ಎಂಬಿ ದಾಟಿದ್ದೆಲ್ಲ ಮಿಸ್. ಒಂದು ಫೈಲ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ ಸ್ಕ್ವಿಡ್‌ನಲ್ಲಿ ಮೊದಲಿಂದ 4 ಎಂಬಿ ಇರುತ್ತದೆ. 400 ಎಂಬಿ ಮಾಡಿದೆ. ಆದರೂ ಮಿಸ್! ಇಡೀ ಒಂದು ಸಂಜೆ ಇದರಲ್ಲೇ ಹೋಯಿತು. ಕೊನೆಗೆ ತಿಳಿದದ್ದು, ಆ ಮಿತಿಯ ಸಾಲು ಕ್ಯಾಶ್ ಜಾಗ ಹೇಳುವ ಸಾಲಿಗಿಂತ ಮೇಲೆ ಇರಬೇಕು. ಕೆಳಗೆ ಬರೆದರೆ ಆ ಜಾಗಕ್ಕೆ ಹಳೆ ಮಿತಿಯೇ ಅಂಟಿಕೊಳ್ಳುತ್ತದೆ. ಸಾಲು ಮೇಲೆ ತಂದೆ, ರೀಸ್ಟಾರ್ಟ್ ಮಾಡಿದೆ. ಎರಡನೇ ಕಂಪ್ಯೂಟರಿನಲ್ಲಿ ಲಿಬ್ರೆಆಫೀಸ್ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಇಳಿಯಿತು.

ಇನ್ನೊಂದು ಸಂಗತಿ, ಸ್ಕ್ವಿಡ್ ಗುರುತು ಹಿಡಿಯುವುದು ವಿಳಾಸದಿಂದ. ನಮ್ಮ ಕೆಲವು ಕಂಪ್ಯೂಟರ್‌ಗಳು ಉಬುಂಟುವಿನ ಮುಖ್ಯ ಸರ್ವರಿನಿಂದ ತರಿಸುತ್ತಿದ್ದವು, ಕೆಲವು ಅದರದೇ ಪ್ರತಿ ಇಟ್ಟಿರುವ ಭಾರತದ ಮಿರರ್‌ನಿಂದ. ಫೈಲ್ ಒಂದೇ, ವಿಳಾಸ ಎರಡು. ಸ್ಕ್ವಿಡ್‌ಗೆ ಅವು ಎರಡು ಬೇರೆ ಫೈಲ್. ಹನ್ನೆರಡನ್ನೂ ಒಂದೇ ಮಿರರ್‌ಗೆ ತಂದೆ.

ಎಷ್ಟು ದಿನ ಇಟ್ಟುಕೊಳ್ಳಬೇಕು ಅನ್ನುವುದಕ್ಕೂ ಎರಡು ಲೆಕ್ಕ ಬೇಕು. ಪ್ಯಾಕೇಜ್ ಫೈಲಿನ ಹೆಸರಿನಲ್ಲೇ ವರ್ಷನ್ ಇರುತ್ತದೆ, ಒಳಗಿನದು ಬದಲಾಗುವುದಿಲ್ಲ. ಅದಕ್ಕೆ 129600 ನಿಮಿಷ, ಅಂದರೆ 90 ದಿನ ಕೊಟ್ಟೆ. ಆದರೆ ಯಾವ ಪ್ಯಾಕೇಜ್ ಎಲ್ಲಿದೆ ಅಂತ ಹೇಳುವ ಸೂಚಿ ಫೈಲುಗಳು ಹಾಗಲ್ಲ, ಅವು ಬದಲಾಗುತ್ತಲೇ ಇರುತ್ತವೆ. ಹಳೆಯ ಸೂಚಿಯನ್ನು ಕ್ಯಾಶ್ ಹಿಡಿದುಕೊಂಡರೆ ‘ಹ್ಯಾಶ್ ಸಮ್ ಮಿಸ್‌ಮ್ಯಾಚ್’ ಅನ್ನುವ ಕೆಂಪು ಸಾಲು ಬರುತ್ತದೆ. ಅವಕ್ಕೆ ಸೊನ್ನೆ ಕೊಟ್ಟೆ. ಪ್ರತಿ ಸಲ ಸರ್ವರನ್ನು ಕೇಳಿ, ಬದಲಾಗಿಲ್ಲ ಅಂದರೆ ಮಾತ್ರ ಒಳಗಿನದನ್ನು ಕೊಡುತ್ತದೆ.

ಒಂದು ಎಚ್ಚರಿಕೆ. ಕಂಪ್ಯೂಟರ್ ಅರ್ಧಕ್ಕೆ ನಿಲ್ಲಿಸಿದರೂ ಪ್ರಾಕ್ಸಿ ಪೂರ್ತಿ ಇಳಿಸಿಕೊಳ್ಳುವಂತೆ ‘ಕ್ವಿಕ್ ಅಬಾರ್ಟ್ ಮಿನ್’ ಅನ್ನು ಮೈನಸ್ 1 ಮಾಡಬಹುದು, ಹಾಗೆ ಮಾಡಿ ಅಂತ ಸಲಹೆಯೂ ಸಿಗುತ್ತದೆ. ಲೆಕ್ಕವಿಲ್ಲದಷ್ಟು ಡೇಟಾ ಇದ್ದವರಿಗೆ ಅದು ಸರಿ. ನಮ್ಮಂಥ ಸಿಮ್‌ನವರು ಮುಟ್ಟಬಾರದು. ಯಾರೋ ತಪ್ಪಿ ಒತ್ತಿ ನಿಲ್ಲಿಸಿದ ಡೌನ್‌ಲೋಡ್ ನಮಗೆ ಗೊತ್ತಿಲ್ಲದೆ ದಿನದ ಡೇಟಾ ಮುಗಿಸುತ್ತದೆ.

ಹನ್ನೆರಡೂ ಒಟ್ಟಿಗೆ ಕೇಳಿದರೆ ಏನಾಗುತ್ತದೆ? ಫೈಲ್ ಇನ್ನೂ ಕ್ಯಾಶಿಗೆ ಬಂದಿರುವುದಿಲ್ಲ. ಹಾಗಾಗಿ ಹನ್ನೆರಡೂ ಮಿಸ್, ಹನ್ನೆರಡೂ ಹೊರಗೆ ಓಡುತ್ತವೆ. ಒಂದೇ ಫೈಲಿನ ಕೋರಿಕೆಗಳನ್ನು ಕೂಡಿಸುವ ‘ಕೊಲ್ಯಾಪ್ಸ್ಡ್ ಫಾರ್ವರ್ಡಿಂಗ್’ ಅನ್ನುವ ಆಯ್ಕೆ ಇದೆ, ಅದನ್ನು ಆನ್ ಮಾಡಿದ್ದೇನೆ. ಆದರೂ ನಾನು ನಂಬಿರುವುದು ಸರಳ ಕ್ರಮವನ್ನು. ಶನಿವಾರ ಬೆಳಿಗ್ಗೆ ಒಂದನೇ ಕಂಪ್ಯೂಟರಿಗೆ ಮಾತ್ರ ಅಪ್‌ಡೇಟ್. ಅದು ಮುಗಿದ ಮೇಲೆ ಉಳಿದ ಹನ್ನೊಂದು. ತಾವಾಗಿ ಅಪ್‌ಡೇಟ್ ಆಗುವುದನ್ನು ಎಲ್ಲದರಲ್ಲೂ ನಿಲ್ಲಿಸಿದ್ದೇನೆ. ಹಾಗಾಗಿ ಶನಿವಾರ ತಪ್ಪಿಸುವ ಹಾಗಿಲ್ಲ.

ಈಗ ನಿಗಾ ವಿಷಯ. ಸ್ಕ್ವಿಡ್ ತನ್ನ ಲೆಕ್ಕವನ್ನು ತಾನೇ ಕೊಡುತ್ತದೆ, ಕಳೆದ 5 ನಿಮಿಷ ಮತ್ತು 60 ನಿಮಿಷದ ಹಿಟ್ ಪ್ರಮಾಣ. ಅದರಲ್ಲಿ ಎರಡು ಬಗೆ. ಎಷ್ಟು ಕೋರಿಕೆಗೆ ಕ್ಯಾಶಿನಿಂದ ಉತ್ತರ ಹೋಯಿತು ಅನ್ನುವುದು ಒಂದು. ಎಷ್ಟು ಬೈಟ್ ಕ್ಯಾಶಿನಿಂದ ಹೋಯಿತು ಅನ್ನುವುದು ಇನ್ನೊಂದು. ಸಿಮ್ ಡೇಟಾ ಉಳಿಸುವವರು ನೋಡಬೇಕಾದ್ದು ಎರಡನೆಯದನ್ನು. ನೂರು ಚಿಕ್ಕ ಫೈಲ್ ಹಿಟ್ ಆಗಿ ಒಂದು ದೊಡ್ಡದು ಮಿಸ್ ಆದರೆ ಮೊದಲ ಅಂಕಿ ಚೆಂದ ಕಾಣುತ್ತದೆ, ಡೇಟಾ ಮಾತ್ರ ಹೋಗಿರುತ್ತದೆ. ಈಗ ಶನಿವಾರದ ಬೈಟ್ ಲೆಕ್ಕ ಸಾಮಾನ್ಯವಾಗಿ ಶೇ. 85 ದಾಟುತ್ತದೆ. ಹನ್ನೆರಡರಲ್ಲಿ ಒಂದು ಮಾತ್ರ ಹೊರಗೆ ಹೋದರೆ ಬರಬೇಕಾದ್ದು ಸುಮಾರು ಶೇ. 92, ಹಾಗಾಗಿ ಇದು ಒಳ್ಳೆಯ ಅಂಕಿ.

ಇದರ ಜೊತೆಗೆ ವಿಎನ್‌ಸ್ಟ್ಯಾಟ್ ಹಾಕಿದ್ದೇನೆ. 4ಜಿ ಡಬ್ಬಿ ಕಡೆಯಿಂದ ದಿನಕ್ಕೆ ಎಷ್ಟು ಒಳಗೆ ಬಂತು ಅಂತ ಅದು ಎಣಿಸುತ್ತದೆ. ನನ್ನ ಪ್ರಕಾರ ಇದೇ ಕೊನೆಯ ಮಾತು. ಸ್ಕ್ವಿಡ್ ಏನೇ ಹೇಳಲಿ, ಸಿಮ್ ಕಡೆಯ ಎಣಿಕೆ ಇಳಿಯದಿದ್ದರೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ.

ಮಳೆಗಾಲದಲ್ಲಿ ಎರಡು ಪಾಠ ಕಲಿತೆ. ರೂಟರಿನಲ್ಲಿ ಗಡಿಯಾರದ ಬ್ಯಾಟರಿ ಇಲ್ಲ. ಕರೆಂಟೂ ಹೋಗಿ ಯುಪಿಎಸ್ಸೂ ಮುಗಿದು ಮತ್ತೆ ಎದ್ದಾಗ ದಿನಾಂಕ ಹಿಂದಕ್ಕೆ ಹೋಗಿತ್ತು. ಇಂಟರ್ನೆಟ್‌ನಿಂದ ಸಮಯ ಬರುವ ತನಕ ಲಾಗ್, ಕ್ಯಾಶಿನ ವಾಯಿದೆ ಎಲ್ಲ ಗೋಜಲು. ಈಗ ಸಮಯ ಸರಿಯಾದ ಮೇಲೇ ಸ್ಕ್ವಿಡ್ ಶುರುವಾಗುತ್ತದೆ. ಎರಡನೆಯದು ಇನ್ನೂ ಕಷ್ಟದ್ದು. ಒಮ್ಮೆ ಎಸ್‌ಎಸ್‌ಡಿ ಏಳುವುದು ತಡವಾಯಿತು. ಖಾಲಿ ಫೋಲ್ಡರನ್ನೇ ಡಿಸ್ಕ್ ಅಂದುಕೊಂಡು, ಕ್ಯಾಶ್ ರೂಟರಿನ ಒಳಗಿನ ಚಿಕ್ಕ ಫ್ಲ್ಯಾಶಿನಲ್ಲಿ ತುಂಬಿಕೊಂಡಿತು. ರೂಟರ್ ಸೆಟ್ಟಿಂಗ್ ಬದಲಿಸಲೂ ಜಾಗ ಉಳಿಯಲಿಲ್ಲ. ಮೊದಲಿಂದ ಎಲ್ಲ ಮಾಡಬೇಕಾಯಿತು. ಡಿಸ್ಕ್ ಮೌಂಟ್ ಆಗಿದೆಯಾ ಅಂತ ನೋಡಿ, ಇಲ್ಲದಿದ್ದರೆ ಸ್ಕ್ವಿಡ್ ಶುರುವಾಗದಂತೆ ಎರಡು ಸಾಲು ಸೇರಿಸಿದೆ. ಸೆಟ್ಟಿಂಗ್‌ಗಳ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಂಡೆ. ಇನ್ನು ಗುಡುಗು ಶುರುವಾದರೆ ಅಟ್ಟದಿಂದ ಬರುವ ಕೇಬಲ್ ಕಿತ್ತಿಡುವುದು ಮನೆಯವರಿಗೆಲ್ಲ ರೂಢಿಯಾಗಿದೆ.

ಪ್ರಾಕ್ಸಿಯಿಂದ ಆಗದ್ದಕ್ಕೆ ಬೇರೆ ದಾರಿ ಹಿಡಿದೆ. ಕನ್ನಡ ವಿಕಿಪೀಡಿಯವನ್ನು, ಇಂಟರ್ನೆಟ್ ಇಲ್ಲದೆ ಓದಲು ಬಿಡುವ ಕಿವಿಕ್ಸ್ ಮೂಲಕ ಒಮ್ಮೆ ಇಳಿಸಿ ಒಂದನೇ ಕಂಪ್ಯೂಟರಿನಲ್ಲಿ ಇಟ್ಟಿದ್ದೇನೆ. ಉಳಿದವು ಅಲ್ಲಿಂದಲೇ ಓದುತ್ತವೆ. ಸಿಮ್ ಖಾಲಿ ಆದ ದಿನವೂ ಮಕ್ಕಳು ಹೊಯ್ಸಳರ ಬಗ್ಗೆ ಓದಿ ಬರೆದುಕೊಂಡು ಹೋಗುತ್ತಾರೆ.

ಹಿಂದಿನ ಶನಿವಾರ ದೊಡ್ಡ ಮಕ್ಕಳಿಗೆ ಲಾಗ್ ತೋರಿಸುತ್ತಿದ್ದೆ. ಈಗ ಅದರಲ್ಲಿ ಪ್ಯಾಕೇಜ್ ಹೆಸರು ಬಿಟ್ಟು ಬೇರೇನೂ ಇರುವುದಿಲ್ಲ, ಹಾಗಾಗಿ ತೋರಿಸಲು ಅಂಜಿಕೆ ಇಲ್ಲ. 41 ಪರ್ಸೆಂಟಲ್ಲಿ ನಿಂತಿದೆ ಅಂದವಳು ಈಗ ಒಂಬತ್ತನೇ ತರಗತಿ. ಪರದೆ ಮೇಲೆ ಸಾಲುಗಳು ಏರುತ್ತಿದ್ದವು. ಹಿಟ್, ಹಿಟ್, ಹಿಟ್. ಅವಳು ಬೆರಳಿಟ್ಟಳು.

"ಅಕ್ಕಾ, ಏಳನೇ ಕಂಪ್ಯೂಟರ್ ಮಾತ್ರ ಮಿಸ್ ತೋರಿಸ್ತಿದೆ. ವಿಳಾಸ ನೋಡಿ, ಬೇರೆ ಮಿರರ್."

ಹಿಂದಿನ ವಾರ ಅದರ ಡಿಸ್ಕ್ ಬದಲಿಸಿ ಹೊಸದಾಗಿ ಉಬುಂಟು ಹಾಕಿದ್ದೆ. ಮಿರರ್ ಬದಲಿಸುವುದು ಮರೆತುಹೋಗಿತ್ತು. ಅವಳೇ ಎದ್ದು ಹೋಗಿ ಏಳನೆಯದರ ಮುಂದೆ ಕೂತಳು.