ರಿವೈಂಡ್ ಮುಟ್ಟದೆ ಮಾರಿಯೊ ಆಲ್‌ಸ್ಟಾರ್ಸ್: 50 ಹರ್ಟ್ಸ್ ಹೆಬ್ಬೆರಳನ್ನು 60ಕ್ಕೆ ಪಳಗಿಸಿದ್ದು

"ಆಲ್‌ಸ್ಟಾರ್ಸ್‌ನ ಮಾರಿಯೊ ಕೈಗೆ ಸಿಗಲ್ಲ, ಸುಮ್ನೆ ರಿವೈಂಡ್ ಒತ್ಕೊಂಡು ಮುಗಿಸು" ಅಂದವರೇ ಹೆಚ್ಚು. ಆಲ್‌ಸ್ಟಾರ್ಸ್ ಅಂದರೆ ಹಳೇ ಮಾರಿಯೊ ಆಟಗಳನ್ನು ಸೂಪರ್ ನಿಂಟೆಂಡೊಗೆ ಹೊಸದಾಗಿ ಮಾಡಿ ಒಟ್ಟಿಗೆ ಕಟ್ಟಿದ ಕಂತೆ, ಇಲ್ಲಿ ಆಡಿದ್ದು ನಿಂಟೆಂಡೊದ ಸ್ವಿಚ್‌ನಲ್ಲಿ. ರಿವೈಂಡ್ ಅಂದರೆ ತಪ್ಪಿದಾಗ ಆಟವನ್ನು ಹಿಂದಕ್ಕೆ ಓಡಿಸುವ ಸೌಲಭ್ಯ. ವಾರ್ಪ್ (ಹಂತಗಳನ್ನು ಹಾರಿಸುವ ಒಳದಾರಿ) ಇಲ್ಲ, ರಿವೈಂಡ್ ಇಲ್ಲ, ಮೊದಲ ಮಾರಿಯೊದ 32 ಹಂತಗಳೂ ಮುಗಿದವು. ಅದರ ಹಿಂದೆಯೇ ಅದೇ ಕಂತೆಯ ಇನ್ನೊಂದು ಆಟ ಲಾಸ್ಟ್ ಲೆವೆಲ್ಸ್‌ನ 8-4 (ಎಂಟನೇ ವರ್ಲ್ಡ್‌ನ ನಾಲ್ಕನೇ ಹಂತ) ಕೂಡ ಆಯಿತು. ದಿನಕ್ಕೆ ಮುಕ್ಕಾಲು ಗಂಟೆಯಂತೆ ಹೆಚ್ಚುಕಡಿಮೆ ಏಳು ವಾರ ಹಿಡಿಯಿತು. ಅದರಲ್ಲಿ ಮೊದಲ ಎರಡು ವಾರ ಪೂರ್ತಿ ದಂಡ.

ದಂಡವಾದದ್ದು ಯಾಕೆಂದರೆ, ತಪ್ಪು ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ನಮ್ಮಲ್ಲಿ ಬಹಳ ಜನ ಮಾರಿಯೊ ಕಲಿತದ್ದು ಟಿವಿ ವಿಡಿಯೋ ಗೇಮಿನ ಕ್ಯಾಸೆಟ್ಟಿನಲ್ಲಿ. ಆ ಸೆಟ್‌ಗಳು ಪಾಲ್ (ನಮ್ಮ ದೇಶದ ಟಿವಿ ಪದ್ಧತಿ) ಟಿವಿಗೆಂದು 50 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 50 ಫ್ರೇಮಿನಂತೆ ಓಡುತ್ತಿದ್ದವು, ಒಳಗಿದ್ದ ಆಟ ಮಾತ್ರ 60ಕ್ಕೆ ಬರೆದದ್ದು. ಅಲ್ಲಿಗೆ ಮಾರಿಯೊ ಆರರಲ್ಲಿ ಒಂದು ಪಾಲು ನಿಧಾನ. ಆಟದ ಗಡಿಯಾರ 24 ಫ್ರೇಮಿಗೆ ಒಂದು ಅಂಕಿ ಇಳಿಯುತ್ತದೆ. 8-1ರ 300 ಅಂಕಿಗೆ 60 ಹರ್ಟ್ಸ್‌ನಲ್ಲಿ 120 ಸೆಕೆಂಡು, ನಮ್ಮ ಹಳೇ ಡಬ್ಬಿಯಲ್ಲಿ 144. ಜಿಗಿತದ ದೂರ ಎರಡರಲ್ಲೂ ಅಷ್ಟೇ, 60ರಲ್ಲಿ ಯೋಚಿಸಲು ಸಿಗುವ ಹೊತ್ತು ಮಾತ್ರ ಕಮ್ಮಿ. ಹೆಬ್ಬೆರಳು ಹಳೇ ತಾಳಕ್ಕೇ ಒತ್ತುತ್ತದೆ, ಹಳ್ಳದ ಅಂಚು ಆಗಲೇ ದಾಟಿರುತ್ತದೆ.

ಇದು ಹೊಳೆಯುವ ಮೊದಲು ದುಡ್ಡು ಸುರಿದದ್ದು ಪ್ಯಾಡಿಗೆ. ಸ್ವಿಚ್‌ನ ಎಡ ಜಾಯ್‌ಕಾನ್‌ನಲ್ಲಿ ದಿಕ್ಕಿಗೊಂದರಂತೆ ನಾಲ್ಕು ಬಿಡಿ ಗುಂಡಿಗಳಿವೆ, ಎಡದಿಂದ ಬಲಕ್ಕೆ ಬೆರಳು ಜಾರುವುದಿಲ್ಲ. ಅದಕ್ಕೆಂದು ತಂದ 1,800 ರೂಪಾಯಿಯ ಬ್ಲೂಟೂತ್ ಪ್ಯಾಡ್ ಓಡುವಾಗ ಆಗಾಗ ಕೆಳಗಿನ ಗುಂಡಿಯನ್ನೂ ಒತ್ತಿದಂತೆ ಕಳಿಸುತ್ತಿತ್ತು. ದೊಡ್ಡ ಮಾರಿಯೊ ಕುಕ್ಕರಿಸಿಕೊಂಡೇ ಜಾರಿ ಹಳ್ಳಕ್ಕೆ ಬೀಳುತ್ತಿದ್ದ. ಕೊನೆಗೆ ಸೆಕೆಂಡ್‌ಹ್ಯಾಂಡ್ ಸ್ವಿಚ್ ಲೈಟ್, ಸುಮಾರು 12,000. ಟಿವಿಗೆ ಹಾಕಲು ಬರುವುದಿಲ್ಲ, ಆದರೆ ಡಿ-ಪ್ಯಾಡ್ (ದಿಕ್ಕಿನ ಗುಂಡಿ) ಒಂದೇ ತುಂಡಿನ ಕೂಡುಚಿಹ್ನೆ. ಆನ್‌ಲೈನ್ ಸದಸ್ಯತ್ವ (ನಿಂಟೆಂಡೊದ್ದು) ವರ್ಷಕ್ಕೆ 20 ಡಾಲರ್. 1993ರ ಆಲ್‌ಸ್ಟಾರ್ಸ್ ಅದರ ಸೂಪರ್ ನಿಂಟೆಂಡೊ ಪಟ್ಟಿಗೆ 2020ರ ಸೆಪ್ಟೆಂಬರಿನಲ್ಲಿ ಸೇರಿತು, ಬೇರೆ ದುಡ್ಡು ಬೇಡ.

ಟಿವಿಯೇ ಬೇಕೆನ್ನುವವರು ಮೊದಲು ತಡ ಅಳೆಯಿರಿ. ಫೋನಿನ 240 ಫ್ರೇಮಿನ ಸ್ಲೋಮೋಷನ್‌ನಲ್ಲಿ ಬೆರಳು, ಪರದೆ ಎರಡೂ ಬರುವಂತೆ ಹಿಡಿದು, ಗುಂಡಿ ಒತ್ತಿದ ಕ್ಷಣದಿಂದ ಮಾರಿಯೊನ ಕಾಲು ನೆಲ ಬಿಡುವವರೆಗೆ ಫ್ರೇಮ್ ಎಣಿಸಿ. ಒಂದು ಫ್ರೇಮಿಗೆ 4 ಮಿಲಿಸೆಕೆಂಡು ಚಿಲ್ಲರೆ. ನೆನಪಿನಿಂದ ಹೇಳುವುದಾದರೆ ನಮ್ಮ ಟಿವಿಯ ಸಾಮಾನ್ಯ ಮೋಡಿನಲ್ಲಿ ಮೂವತ್ತರ ಮೇಲೆ ಬಂತು, ಗೇಮ್ ಮೋಡಿನಲ್ಲಿ ಇಪ್ಪತ್ತರ ಆಸುಪಾಸು, ಕೈಯಲ್ಲಿ ಹಿಡಿದಾಗ ಅದಕ್ಕಿಂತ ಇನ್ನೂ ಕಮ್ಮಿ. ಸಾಮಾನ್ಯ ಮೋಡಿನಲ್ಲಿ 8-1 ಆಡುವುದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡಿದಂತೆ.

ತಾಳ ಬಿಡಿಸಿದ ಉಪಾಯ ಕೇಳಿ ನಕ್ಕವರೇ ಜಾಸ್ತಿ: ದನಿ ಪೂರ್ತಿ ಬಂದ್. ಹಳೇ ಸೆಟ್ಟಿನಲ್ಲಿ ಹಾಡು ಫ್ರೇಮಿಗೆ ಕಟ್ಟಿಕೊಂಡಿದ್ದರಿಂದ ಶ್ರುತಿ ಹೆಚ್ಚುಕಡಿಮೆ ಅದೇ ಇದ್ದು ಲಯ ಮಾತ್ರ ನಿಧಾನವಾಗಿತ್ತು. ಬೆರಳು ಕಿವಿಯ ಮಾತು ಕೇಳುತ್ತದೆ. ಹತ್ತು ದಿನ ಮ್ಯೂಟ್ ಮಾಡಿ, ಅಂಚಿನ ಇಟ್ಟಿಗೆಯನ್ನು ಕಣ್ಣಲ್ಲೇ ನೋಡಿ ಜಿಗಿದ ಮೇಲೆ ಕೈ ದಾರಿಗೆ ಬಂತು. 4-4, 7-4, 8-4ಕ್ಕೆ ಮಾತ್ರ ದನಿ ಹಾಕಿಕೊಳ್ಳಿ. ಆಲ್‌ಸ್ಟಾರ್ಸ್‌ನಲ್ಲಿ ಚಕ್ರವ್ಯೂಹದ ಸರಿದಾರಿಗೊಂದು, ತಪ್ಪುದಾರಿಗೊಂದು ಸದ್ದು ಸೇರಿಸಿದ್ದಾರೆ. ಅದನ್ನು ಬಿಟ್ಟರೆ ಸುತ್ತಿದ್ದೇ ಸುತ್ತುವುದು.

ರಿವೈಂಡ್ ಯಾಕೆ ಬೇಡ ಅಂದರೆ, ಅದು ಮಾರಿಯೊನನ್ನು ಜಿಗಿತದ ನಡುವೆ ತಂದು ಬಿಡುತ್ತದೆ. ಕಲಿಯುವುದು ಕೊನೆಯ ಅರ್ಧ ಸೆಕೆಂಡು ಮಾತ್ರ. ಕೆಡುವುದು ಓಟದ ಶುರುವಿನಲ್ಲಿ. ಅದರ ಬದಲು ಸಸ್ಪೆಂಡ್ ಪಾಯಿಂಟ್ (ಆಟವನ್ನು ಇದ್ದಲ್ಲೇ ಉಳಿಸಿಡುವ ಗುರುತು) ಬಳಸಿ, ಅದೂ ಓಟ ಹಿಡಿಯುವ ಜಾಗದಲ್ಲಿ, ನಿಂತ ಕಾಲಲ್ಲಿ. ಅಭ್ಯಾಸಕ್ಕೆ ಬೇರೆ ಫೈಲ್, ನಿಜವಾದ ಆಟಕ್ಕೆ ಬೇರೆ. ಕ್ರಮ ಹಿಂದಿನಿಂದ: 8-4, 8-3, 8-2, 8-1. ಎಂಟನೇ ವರ್ಲ್ಡ್‌ನಲ್ಲಿ ನಡುದಾರಿಯ ನಿಲ್ದಾಣ ಎಲ್ಲೂ ಇಲ್ಲ, ಸತ್ತರೆ ಹಂತದ ತಲೆಗೇ ಬರಬೇಕು.

ಇಲ್ಲೂ ಒಂದು ಏಟು ಬಿತ್ತು. 8-3ರಲ್ಲಿ ಸುತ್ತಿಗೆ ಎಸೆಯುವ ಆಮೆಗಳ ಜೋಡಿಗಳನ್ನು ಅಭ್ಯಾಸದಲ್ಲಿ ಹತ್ತಕ್ಕೆ ಹತ್ತು ಸಲ ದಾಟಿ, ನಿಜವಾದ ಆಟದಲ್ಲಿ ಮೊದಲ ಜೋಡಿಗೇ ಬಲಿ. ಒಂದೇ ಪಾಯಿಂಟಿನಿಂದ ಎದ್ದು ಅದೇ ಹೆಜ್ಜೆ ಹಾಕಿದರೆ ಸುತ್ತಿಗೆಗಳೂ ಅದೇ ಲೆಕ್ಕದಲ್ಲಿ ಬೀಳುತ್ತವೆ. ಬಾಯಿಪಾಠವಾಗಿದ್ದು ಆ ಒಂದು ವರಸೆ ಮಾತ್ರ. ಬೇರೆ ಬೇರೆ ಹೊತ್ತಿನಲ್ಲಿ ಮೂರು ಪಾಯಿಂಟ್ ಇಟ್ಟುಕೊಂಡು ಸರದಿಯಲ್ಲಿ ಆಡಿದಾಗ ಸರಿಹೋಯಿತು. ಎರಡನೇ ಜೋಡಿಗೆ ಇನ್ನೊಂದು ಕಳ್ಳದಾರಿ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಹುಡುಕಿದವರಿಗೆ ಸಿಗಲಿ.

8-1ರಲ್ಲಿ ಒಂದು ಇಟ್ಟಿಗೆ ಅಗಲದ ಹಳ್ಳಗಳಿಗೆ ಜಿಗಿಯಲೇ ಬೇಡಿ, ಪೂರ್ತಿ ಓಟದಲ್ಲಿ ಮಾರಿಯೊ ಅದರ ಮೇಲೇ ಹಾದುಹೋಗುತ್ತಾನೆ. ಹೆದರಿ ವೈ (ಓಟದ ಗುಂಡಿ) ಬಿಟ್ಟರೆ ಬಿದ್ದ. ಹೆಬ್ಬೆರಳ ತುದಿ ವೈ ಮೇಲೆ, ಗಂಟು ಜಿಗಿತದ ಬಿ ಮೇಲೆ, ತುದಿ ಏಳಲೇ ಕೂಡದು.

ಹಳೇ ಕೈಗೆ ಮೋಸ ಮಾಡುವ ಇನ್ನೊಂದು ಸಂಗತಿ ಇಟ್ಟಿಗೆ. ಮೂಲ ಆಟದಲ್ಲಿ ದೊಡ್ಡ ಮಾರಿಯೊ ಇಟ್ಟಿಗೆ ಒಡೆದ ತಕ್ಷಣ ಕೆಳಗೆ ಬರುತ್ತಾನೆ. ಆಲ್‌ಸ್ಟಾರ್ಸ್‌ನಲ್ಲಿ ಒಡೆದ ಮೇಲೂ ಮೇಲಕ್ಕೇ ಹೋಗುತ್ತಾನೆ. ಅದೇ ಸ್ವಿಚ್‌ನಲ್ಲಿ ಹಳೇ ನಿಂಟೆಂಡೊ ಪಟ್ಟಿಯ ಮಾರಿಯೊ ಹಾಕಿ 1-2ರಲ್ಲಿ ಎರಡನ್ನೂ ಹೋಲಿಸಿ ನೋಡಿದರೆ ಬರಿಗಣ್ಣಿಗೇ ಕಾಣುತ್ತದೆ. ಹೋಲಿಸಲು ಒಂದಿಡೀ ಭಾನುವಾರ ಹೋಯಿತು, ಬೇಜಾರಿಲ್ಲ. ಪಾಠ ಇಷ್ಟೇ: ಓಡುತ್ತಾ ಇಟ್ಟಿಗೆ ಒಡೆಯಬೇಡಿ. ಮೂಲ ಆಟದ ದೋಷದಿಂದ ತೆರೆಯುತ್ತಿದ್ದ ಮೈನಸ್ ವರ್ಲ್ಡ್ ಹುಡುಕುತ್ತಾ ಹೊತ್ತು ಕಳೆಯಬೇಡಿ, ಇದರಲ್ಲಿ ಅದನ್ನು ಮುಚ್ಚಿದ್ದಾರೆ.

ಲೈಫ್‌ಗೆ 3-1ರ ಮೆಟ್ಟಿಲಿನ ಮೇಲೆ ಆಮೆಯನ್ನು ಮತ್ತೆ ಮತ್ತೆ ತುಳಿದು ಲೈಫ್ ಗಳಿಸುವ ಉಪಾಯ ಎಲ್ಲರಿಗೂ ಗೊತ್ತು. ಮೂವತ್ತಾದರೆ ಸಾಕು. 8-4ರ ಕೊನೆಯ ಶತ್ರು ಬೌಸರ್‌ವರೆಗೆ ಬೆಂಕಿಹೂ ಉಳಿಸಿಕೊಂಡರೆ ಐದು ಬೆಂಕಿಯುಂಡೆಗೆ ಕೆಲಸ ಮುಗಿಯುತ್ತದೆ. ಉಳಿಯದಿದ್ದರೆ ಅವನು ಮೇಲೆ ಜಿಗಿದಾಗ ಕೆಳಗೆ ನುಗ್ಗಬೇಕು, ಸುತ್ತಿಗೆ ಮಳೆಯಲ್ಲಿ ಹತ್ತಕ್ಕೆ ಮೂರು ಸಲ ಗಿಟ್ಟಿತು.

ಲಾಸ್ಟ್ ಲೆವೆಲ್ಸ್ ಇದಕ್ಕಿಂತ ಕಷ್ಟ, ಆದರೆ ಇಲ್ಲಿ ಸೇವ್ ಹಂತಹಂತಕ್ಕೂ ಸಿಗುತ್ತದೆ, ಹಾಗಾಗಿ ಅಭ್ಯಾಸ ಅಗ್ಗ. 3-1ರ ವಾರ್ಪ್‌ಗೆ ಹೋದರೆ ಮೊದಲನೇ ವರ್ಲ್ಡ್‌ಗೆ ವಾಪಸ್, ಎಚ್ಚರ. ಮಾರಿಯೊನ ತಮ್ಮ ಲೂಯಿಜಿ ಎತ್ತರ ಹಾರುತ್ತಾನೆಂದು ಮೂರು ದಿನ ಅವನನ್ನೇ ಆಡಿಸಿ ನೋಡಿದ್ದಾಯಿತು. ಇಳಿದ ಮೇಲೆ ಜಾರುತ್ತಾನೆ, ಒಂದಿಟ್ಟಿಗೆ ಕಂಬಗಳ ಮೇಲೆ ನಿಲ್ಲುವುದೇ ಇಲ್ಲ. ಮತ್ತೆ ಮಾರಿಯೊನೇ ಗತಿ.

8-4 ಆದ ಮೇಲೆ ಎ, ಬಿ, ಸಿ, ಡಿ ವರ್ಲ್ಡ್‌ಗಳು ತೆರೆದಿವೆ. ಸಿ-ಯಲ್ಲಿ ಈಗ ನಲವತ್ತು ಚಿಲ್ಲರೆ ಲೈಫ್ ಕರಗಿದೆ, ಅಲ್ಲಿ ದನಿ ಮತ್ತೆ ಬಂದ್.