ಎಣ್ಣೆ ತುಂಬಿದ ಕಣ್ಣಿನ ಪೊರೆ ತೆಗೆದಾಗ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಕಣ್ಣಿನ ಹಿಂಬದಿಯ ನೋಟದ ಪದರ, ಅಂದರೆ ರೆಟಿನಾ, ಕಳಚಿತ್ತು ಅಂತ ಹಿಂದಿನ ವರ್ಷ ಬೇರೆ ಊರಲ್ಲಿ ಆಪರೇಷನ್ ಮಾಡಿ, ಕಣ್ಣೊಳಗೆ ಸಿಲಿಕೋನ್ ಎಣ್ಣೆ ತುಂಬಿದ್ದರು. ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ಅದನ್ನು ತೆಗೆಸಬೇಕು. ಅಡಿಕೆ ಗೊನೆ ಕೊಯ್ಲು ಮುಗೀಲಿ ಅಂತ ಇವರು ಮುಂದೂಡುತ್ತಾ ಹೋದರು. ಶಿವಮೊಗ್ಗಕ್ಕೆ ನನ್ನ ಹತ್ತಿರ ಬಂದಾಗ ಪೊರೆ ಬೆಳ್ಳಗೆ ಬಲಿತಿತ್ತು.

"ಹಾಕಿರೋದು ಹರಳೆಣ್ಣೆನಾ ಡಾಕ್ಟ್ರೇ?" ಅಂದರು.

"ಅಲ್ಲ ಯಜಮಾನ್ರೇ" ಅಂದೆ. ಮಂದದಲ್ಲಿ ಮಾತ್ರ ಹೆಚ್ಚುಕಮ್ಮಿ ಹಾಗೇ ಇರುತ್ತೆ.

ಇಂಥ ಕಣ್ಣಲ್ಲಿ ನನಗೆ ಭಯ ಚಾಕುವಿನದ್ದಲ್ಲ, ಅಳತೆಯದ್ದು. ಹಿಂದೆ ಇಂಥ ಕಣ್ಣು ಮೊದಲ ಸಲ ಸಿಕ್ಕಾಗ ನಾನೇ ಎಡವಿದ್ದೆ. ಶಬ್ದ ಕಳಿಸಿ ಅದರ ಪ್ರತಿಧ್ವನಿಯಿಂದ ಅಳೆಯುವ ಎ-ಸ್ಕ್ಯಾನ್ ಮೆಷಿನ್, ಕಣ್ಣಿನ ಉದ್ದ 32 ಮಿ.ಮೀ. ಅಂತ ತೋರಿಸಿತು. ದೊಡ್ಡ ಮೈನಸ್ ನಂಬರಿನ ಕಣ್ಣಿರಬೇಕು ಅಂದುಕೊಂಡು, ಪೊರೆ ತೆಗೆದ ಮೇಲೆ ಒಳಗೆ ಕೂರಿಸುವ ಲೆನ್ಸಿನ ಪವರ್ ಲೆಕ್ಕ ಹಾಕಿಯೂ ಆಗಿತ್ತು. ಚೀಟಿ ನೋಡಿದ ಸಿಸ್ಟರ್, "ಸಾರ್, ಆ ಕಡೆ ಕಣ್ಣು 23 ಇದೆಯಲ್ವಾ?" ಅಂದರು. ಬೆವರಿಬಿಟ್ಟೆ. ಕಣ್ಣಿನ ಜೆಲ್‌ನಲ್ಲಿ ಶಬ್ದ ಸೆಕೆಂಡಿಗೆ 1532 ಮೀಟರ್ ಓಡಿದರೆ, ಸಿಲಿಕೋನ್ ಎಣ್ಣೆಯಲ್ಲಿ ಸುಮಾರು 980. ಪ್ರತಿಧ್ವನಿ ತಡವಾಗಿ ವಾಪಸ್ ಬರುತ್ತೆ, ಮೆಷಿನ್ ಕಣ್ಣೇ ಉದ್ದ ಅಂದುಕೊಳ್ಳುತ್ತೆ. ಒಂದು ಮಿಲಿಮೀಟರ್ ತಪ್ಪಿದರೂ ಕನ್ನಡಕದ ನಂಬರ್ ಎರಡೂವರೆ ಮೂರು ಡಯಾಪ್ಟರ್ ಕೆಡುತ್ತೆ.

ಬೆಳಕಿನಿಂದ ಅಳೆಯುವ ಮೆಷಿನ್ ಈ ಕೆಲಸಕ್ಕೆ ಒಳ್ಳೆಯದು, ಆದರೆ ಇವರ ಪೊರೆಯೊಳಗೆ ಬೆಳಕೇ ಹೋಗಲಿಲ್ಲ. ಹಾಗಾಗಿ ಕೂರಿಸಿಕೊಂಡು, ಎಣ್ಣೆಯ ವೇಗ ಹಾಕಿ ಎ-ಸ್ಕ್ಯಾನ್ ಮಾಡಿದೆ. ಇನ್ನೊಂದು ಕಣ್ಣಿಗೂ ತಾಳೆ ನೋಡಿದೆ. ಎಣ್ಣೆಯನ್ನೂ ಅವತ್ತೇ ತೆಗೆಯುವುದರಿಂದ ಲೆನ್ಸ್ ಲೆಕ್ಕ ಮಾಮೂಲಿನದ್ದೇ. ಅದು ಒಳಗೇ ಉಳಿಯುವುದಾದರೆ ಜಾಸ್ತಿ ಪವರ್ ಬೇಕಾಗುತ್ತಿತ್ತು.

ರೆಟಿನಾ ಆಪರೇಷನ್ನಿನಲ್ಲಿ ಜೆಲ್ ತೆಗೆದ ಕಣ್ಣಿಗೆ ಹಿಂದಿನ ಆಸರೆ ಕಡಿಮೆ. ಕಣ್ಣಿಗೆ ನೀರು ಬಿಡುವ ಬಾಟಲಿ ಕೆಳಗಿಳಿಸಿಕೊಂಡೇ ಫೇಕೋ, ಅಂದರೆ ಪೊರೆಯನ್ನು ಕಂಪನದಿಂದ ಪುಡಿಮಾಡಿ ಹೀರುವ ಕೆಲಸ, ಶುರು ಮಾಡಿದೆ. ಆದರೂ ಒಮ್ಮೆ ಪೊರೆಗಟ್ಟಿದ ಲೆನ್ಸೂ, ಅದರ ಮುಂದಿನ ಬಣ್ಣದ ಪರದೆಯಾದ ಐರಿಸೂ ಗುಳಕ್ಕನೆ ಒಳಗೆ ಕುಸಿದವು. ಪೊರೆ ತುಂಡು ಮಾಡುವ ಸಣ್ಣ ಕೊಕ್ಕೆ ಚಾಪರ್‌ನ ತುದಿಯಿಂದ ಐರಿಸ್ ಅಂಚನ್ನು ಒಂಚೂರು ಎತ್ತಿದೆ. ನೀರು ಹಿಂದಕ್ಕೆ ದಾಟಿ ಎಲ್ಲ ಸಮವಾಯಿತು. ಲೆನ್ಸಿನ ಹಿಂದಿನ ತೆಳು ಚೀಲದ ಮೇಲೆ ಬಿಳಿ ಕಲೆ ಕಚ್ಚಿಕೊಂಡಿತ್ತು. ಕೈ ತುರಿಸಿತು, ಸುಮ್ನೆ ಬಿಟ್ಟೆ. ಅದನ್ನು ಉಜ್ಜಿ ಚೀಲ ಹರಿದವರನ್ನು ನೋಡಿದ್ದೇನೆ.

ಆಮೇಲೆ ರೆಟಿನಾ ಡಾಕ್ಟರು ಎಣ್ಣೆ ಎಳೆದರು. ಸಾರಿನ ಮೇಲಿನ ಒಗ್ಗರಣೆಯಂತೆ ಚಿಕ್ಕ ಹನಿಗಳು ಮೇಲಕ್ಕೆ ತೇಲುತ್ತಿದ್ದವು, ಅವನ್ನೂ ತೊಳೆದರು. ಹಾಕಿದ್ದು ಅಕ್ರಿಲಿಕ್ ಲೆನ್ಸ್. ಸಿಲಿಕೋನ್ ಲೆನ್ಸಿಗೆ ಎಣ್ಣೆ ಅಂಟಿದರೆ ಬಿಡಿಸುವುದು ಕಷ್ಟ.

ಬಿಳಿ ಕಲೆಗೆ ಎರಡು ತಿಂಗಳ ಮೇಲೆ ಚೀಲದಲ್ಲಿ ಕಿಂಡಿ ತೆರೆಯುವ ಯಾಗ್ ಲೇಸರ್ ಹೊಡೆದೆ. ಮೊದಲಿನಷ್ಟು ನೋಟ ಬರಲಿಲ್ಲ, ಕಳಚಿದ್ದ ರೆಟಿನಾ ಅಲ್ವಾ. ಮರದ ಮೇಲಿನ ಅಡಿಕೆ ಗೊನೆ ಕಾಣುತ್ತೆ, ಹಣ್ಣಾಗಿದೆಯೋ ಇಲ್ಲವೋ ಮಗನನ್ನೇ ಕೇಳ್ತೀನಿ ಅಂದರು.