ಆಳಸಮುದ್ರದ ನಕ್ಷೆಗೆ ಚುಕ್ಕಿ ಇಡುವ ಮುಂಚೆ ನಾನು ನೋಡುವುದು

ಆಳಸಮುದ್ರದ ಆಂಫಿಪಾಡ್‌ಗಳು ಎಲ್ಲೆಲ್ಲಿವೆ ಅಂತ ನಕ್ಷೆ ಮಾಡುವುದು ನನ್ನ ಕೆಲಸ. ಸಿಗಡಿ, ಏಡಿಗಳ ಬಳಗದ ಈ ಜೀವಿಗಳಲ್ಲಿ ನನಗೆ ಬೇಕಾದವು ಸಮುದ್ರದ ತಳಕ್ಕೆ ಬಿದ್ದ ಹೆಣ ತಿಂದು ಬದುಕುವಂಥವು. ಚುಕ್ಕಿ ಇಡುವುದು ಸುಲಭ, ಸಮುದ್ರಜೀವಿಗಳು ಎಲ್ಲಿ ಸಿಕ್ಕವು ಅನ್ನೋ ದಾಖಲೆಗಳಿರುವ ಒಬಿಸ್ ದತ್ತಸಂಗ್ರಹದಿಂದ ಇಳಿಸಿಕೊಂಡರೆ ಆಯ್ತು. ಚುಕ್ಕಿಯ ಹೆಸರು ಸರಿಯಾ ಅಂತ ನೋಡುವುದರಲ್ಲೇ ದಿನ ಹೋಗುತ್ತದೆ.

ಮೊದಲು ಕಸ ತೆಗೆಯುತ್ತೇನೆ. ಆಳದ ಕಾಲಂ ಖಾಲಿ ಇರುವವು, ಸಮುದ್ರ ಬಿಟ್ಟು ಒಣನೆಲದ ಮೇಲೆ ಬಿದ್ದ ಚುಕ್ಕಿಗಳು, ಎರಡೆರಡು ಸಲ ಸೇರಿದವು. ಇದು ಬೇಗ ಮುಗಿಯುತ್ತದೆ.

ಆಮೇಲೆ ಮಾದರಿ. ಯೂರಿಥೀನಸ್ ಅನ್ನೋ ಆಂಫಿಪಾಡ್ ಕುಲ ನೋಡಿ, ಬದುಕಿದ್ದಾಗ ಕೆಂಪಗಿರುತ್ತದೆ, ಆಲ್ಕೋಹಾಲ್‌ನಲ್ಲಿ ಬಿಳುಚಿಕೊಳ್ಳುತ್ತದೆ. ಹಾಗಾಗಿ ಬಣ್ಣ ನಂಬುವ ಹಾಗಿಲ್ಲ. ಹೊಟ್ಟೆಯ ಅಡಿಯಿಂದ ಒಂದು ಈಜುಕಾಲನ್ನು ಚಿಮಟದಲ್ಲಿ ಕಿತ್ತು ಡಿಎನ್‌ಎಗೆ ಕಳಿಸುತ್ತೇನೆ. ಯಾವಾಗಲೂ ಒಂದೇ ಬದಿಯಿಂದ. ಇನ್ನೊಂದು ಬದಿ ಪೂರ್ತಿ ಉಳಿದರೆ ಚಿತ್ರ ಬಿಡಿಸುವವರಿಗೆ ತೊಂದರೆಯಿಲ್ಲ. ಫಾರ್ಮಲಿನ್‌ನಲ್ಲಿಟ್ಟ ಹಳೆಯ ಮಾದರಿಗಳು ಮಾತ್ರ ತಲೆನೋವು, ಅವುಗಳ ಡಿಎನ್‌ಎ ಚೂರುಚೂರಾಗಿರುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಯೂರಿಥೀನಸ್ ಗ್ರಿಲಸ್ ಕಥೆ ಹಾಗಿದೆ. 1822ರಲ್ಲಿ ಹೆಸರು ಪಡೆದ ಇದು ಧ್ರುವದಿಂದ ಧ್ರುವದವರೆಗೆ ಎಲ್ಲ ಸಾಗರಗಳಲ್ಲೂ ಇದೆ ಅಂತ ಬಹುಕಾಲ ನಂಬಿದ್ದರು. ಜೀನ್ ನೋಡಿದಾಗ ಒಂದೇ ಹೆಸರಿನಡಿ ಹಲವು ಕವಲುಗಳು ಅಡಗಿದ್ದವು. 2020ರಲ್ಲಿ ಮರಿಯಾನಾ ಕಂದಕದ ಮಾದರಿಗಳಿಗೆ ಯೂರಿಥೀನಸ್ ಪ್ಲಾಸ್ಟಿಕಸ್ ಅಂತ ಹೊಸ ಹೆಸರಿಟ್ಟರು, ಒಂದರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕಿತ್ತು! 2021ರಲ್ಲಿ ಅಟಕಾಮಾ ಕಂದಕದಿಂದ ಇನ್ನೊಂದು ಪ್ರಭೇದ ಬಂತು. ಹಾಗಾಗಿ ಹಳೆಯ ದಾಖಲೆಯಲ್ಲಿ ಸುಮ್ನೆ 'ಗ್ರಿಲಸ್' ಅಂತಿದ್ದರೆ ನಾನು ಅದನ್ನು ಬೂದು ಬಣ್ಣದಲ್ಲಿ ಬೇರೆ ಇಡುತ್ತೇನೆ.

ಹೀಗೆ ಹಲವು ಕವಲುಗಳಾಗಿ ಒಡೆದುಹೋಗುವುದಕ್ಕೆ ಕಾರಣ ಹೊಳೆಯುವಂಥದ್ದೇ. ಆಂಫಿಪಾಡ್ ತಾಯಿ ಮೊಟ್ಟೆಗಳನ್ನು ಎದೆಯಡಿಯ ಚೀಲದಲ್ಲಿ ಹೊರುತ್ತದೆ. ಮರಿಗಳು ಪುಟಾಣಿ ದೊಡ್ಡವರಂತೆಯೇ ಹೊರಬರುತ್ತವೆ. ಅನೇಕ ಏಡಿಗಳ ಮರಿಗಳ ಹಾಗೆ ನೀರಿನಲ್ಲಿ ತೇಲಿ ದೂರ ಹೋಗುವ ಹಂತವೇ ಇಲ್ಲ.

ಆದರೆ ಆಲಿಸೆಲ್ಲಾ ಜೈಗಾಂಟಿಯಾ ಅನ್ನೋ ದೈತ್ಯ ಆಂಫಿಪಾಡ್ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಇದೂ ಚೀಲದಲ್ಲೇ ಮರಿ ಹೊರುವ ಗುಂಪಿನದು, 34 ಸೆಂಟಿಮೀಟರ್ ತನಕ ಬೆಳೆಯುತ್ತದೆ. ದೂರದೂರದ ಸಾಗರಗಳ ಮಾದರಿಗಳ ನಡುವೆಯೂ ಜೀನ್ ವ್ಯತ್ಯಾಸ ತೀರಾ ಕಡಿಮೆ. ಜಗತ್ತಿನ ಸಾಗರದ 59%ರಷ್ಟು ಜಾಗದಲ್ಲಿ ಇದು ಇರಬಹುದು ಅಂತ 2025ರ ಅಧ್ಯಯನ ಅಂದಾಜಿಸಿತು. ದೊಡ್ಡ ಮೈ, ಚೆನ್ನಾಗಿ ಈಜುತ್ತದೆ, ಆಳದ ಬಯಲುಗಳು ಒಂದಕ್ಕೊಂದು ಸೇರಿಕೊಂಡಿವೆ. ನನಗೆ ಇದು ನಂಬುವಂತೆಯೇ ಕಾಣುತ್ತದೆ. ಆದರೂ ಆ 59% ಅನ್ನೋದು ಅದಕ್ಕೆ ಒಗ್ಗುವ ಜಾಗದ ಅಂದಾಜು. ಅಷ್ಟೂ ಕಡೆ ಹಿಡಿದಿದ್ದಾರೆ ಅಂತಲ್ಲ, ಅಲ್ವಾ?

ಕೊನೆಗೆ ಖಾಲಿ ಜಾಗಗಳು. ಮೀನು ಕಟ್ಟಿದ ಬೋನು ಆರು ಕಿಲೋಮೀಟರ್ ಆಳಕ್ಕೆ ಇಳಿಯಲು ಗಂಟೆಗಳೇ ಬೇಕು, ಹಡಗಿನ ಸಮಯ ದುಬಾರಿ. ಹಾಗಾಗಿ ಬೋನೇ ಇಳಿಯದ ಜಾಗಗಳು ಜಾಸ್ತಿ. ಬೋನು ಇಳಿದೂ ನಾನು ಹುಡುಕುವ ಪ್ರಭೇದ ಬಾರದ ಜಾಗಕ್ಕೆ ನಾನು ಬೇರೆ ಗುರುತು ಹಾಕುತ್ತೇನೆ. ಸಿಗದೇ ಇದ್ದದ್ದನ್ನು ದತ್ತಸಂಗ್ರಹಕ್ಕೆ ಸೇರಿಸುವವರು ಕಡಿಮೆ. ಅದಕ್ಕೆ ಯಾನಕ್ಕೆ ಹೋದವರಿಗೇ ಪತ್ರ ಬರೆದು ಹಡಗಿನ ದಿನಚರಿ ಕೇಳಿ ಪಡೆಯುತ್ತೇನೆ.